ಗುಂಪು ಅಂಚೆಯಲ್ಲಿ ಒಡೆಯುವ ಮೊಹರು

ಈ ಬಾರಿ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಓದುಗರಿಂದ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ತೊಂದರೆಯನ್ನು ಬೇರೆ ಬೇರೆ ಬದಿಯಿಂದ ಹೇಳುತ್ತಿವೆ: ಮೇಲಿಂಗ್ ಲಿಸ್ಟಿನ, ಅಂದರೆ ಒಂದು ವಿಳಾಸಕ್ಕೆ ಬರೆದದ್ದನ್ನು ಎಲ್ಲ ಸದಸ್ಯರಿಗೂ ಕಳುಹಿಸುವ ಏರ್ಪಾಡಿನ, ಮೂಲಕ ಹೋಗುವ ಇಮೇಲ್‌ನ ಸಹಿ ಒಡೆಯುವುದು. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವಕ್ಕೆ ಮಾತ್ರ ಇಲ್ಲಿ ವಿವರವಾಗಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ಸುತ್ತಿನ ಕಾಫಿ ಬೆಳೆಗಾರರಿಗಾಗಿ ಬಹಳ ವರ್ಷಗಳಿಂದ ಒಂದು ಮೇಲಿಂಗ್ ಲಿಸ್ಟ್ ನಡೆಸುತ್ತಿದ್ದೇನೆ. ಮಳೆಯ ಲೆಕ್ಕ, ಕಾಂಡಕೊರಕದ ಹತೋಟಿ, ಪೇಟೆಯ ಧಾರಣೆ ಇವೇ ಅಲ್ಲಿನ ಮಾತು. ಯಾಹೂ ವಿಳಾಸವಿರುವ ಹಿರಿಯ ಸದಸ್ಯರೊಬ್ಬರು ಬರೆದಾಗಲೆಲ್ಲ ಜಿಮೇಲ್ ಬಳಸುವ ಸದಸ್ಯರಿಗೆ ಅವರ ಪತ್ರ ತಲುಪುವುದಿಲ್ಲ. ಅದಕ್ಕಿಂತ ವಿಚಿತ್ರವೆಂದರೆ, ಕೆಲವು ದಿನಗಳ ನಂತರ ಆ ಜಿಮೇಲ್ ಸದಸ್ಯರ ಹೆಸರುಗಳೇ ತಂತಾನೇ ಪಟ್ಟಿಯಿಂದ ಹೊರಬೀಳುತ್ತವೆ. ಸರ್ವರ್ ನೋಡಿಕೊಳ್ಳುವ ಹುಡುಗ ‘ಸಹಿ ಹೊಂದುತ್ತಿಲ್ಲ’ ಎಂದಷ್ಟೇ ಹೇಳುತ್ತಾನೆ. ಆ ಹಿರಿಯರನ್ನು ಬೇರೆ ವಿಳಾಸಕ್ಕೆ ಹೋಗಿ ಎಂದು ಕೇಳಬೇಕೆ? – ಸಕಲೇಶಪುರದ ಬೆಳೆಗಾರರೊಬ್ಬರು

ಉತ್ತರ: ದಯವಿಟ್ಟು ಕೇಳಬೇಡಿ. ತಪ್ಪು ಆ ಹಿರಿಯರದೂ ಅಲ್ಲ, ಹೊರಬಿದ್ದ ಸದಸ್ಯರದೂ ಅಲ್ಲ. ಅವರ ಪತ್ರದ ಮೇಲಿದ್ದ ಸಹಿ ನಿಮ್ಮ ಸರ್ವರ್ ತಲುಪುವವರೆಗೆ ಸರಿಯಾಗಿಯೇ ಇತ್ತು. ಅಲ್ಲಿಂದ ಸದಸ್ಯರ ಕಡೆಗೆ ಹೊರಡುವಾಗ ಒಡೆಯಿತು. ಹೇಗೆ ಎನ್ನುವುದನ್ನು ಸ್ವಲ್ಪ ಹಿಂದಿನಿಂದಲೇ ಹೇಳಬೇಕಾಗುತ್ತದೆ.

ಇಮೇಲ್ ಸಾಗಿಸುವ ಎಸ್‌ಎಂಟಿಪಿ ಎಂಬ ಕ್ರಮ 1982ರಲ್ಲಿ ರೂಪುಗೊಂಡಾಗ, ಪತ್ರದ ಮೇಲೆ ‘ಇಂಥವರಿಂದ’ ಎಂದು ಬರೆದಿರುವುದು ನಿಜವೇ ಎಂದು ಪರೀಕ್ಷಿಸುವ ಏರ್ಪಾಡು ಅದರಲ್ಲಿ ಇರಲಿಲ್ಲ. ಯಾರು ಯಾರ ಹೆಸರಿನಲ್ಲಾದರೂ ಬರೆಯಬಹುದಿತ್ತು. ಈ ಕೊರತೆಯನ್ನು ತುಂಬಲು ಯಾಹೂ ಮತ್ತು ಸಿಸ್ಕೊ ಸಂಸ್ಥೆಗಳು ಬೇರೆ ಬೇರೆಯಾಗಿ ರೂಪಿಸಿದ ಎರಡು ಯೋಜನೆಗಳು ಒಂದಾಗಿ ಡಿಕಿಮ್ ಎಂಬ ಸಹಿಯ ಕ್ರಮವಾಯಿತು. ಅದು 2007ರಲ್ಲಿ, ಅಂತರಜಾಲದ ತಾಂತ್ರಿಕ ನಿಯಮಗಳನ್ನು ಸಂಖ್ಯೆ ಕೊಟ್ಟು ಪ್ರಕಟಿಸುವ ದಾಖಲೆಗಳ ಸರಣಿಯಲ್ಲಿ, ಆರ್‌ಎಫ್‌ಸಿ 4871 ಆಗಿ ಪ್ರಕಟವಾಗಿ, 2011ರಲ್ಲಿ ಆರ್‌ಎಫ್‌ಸಿ 6376 ಆಗಿ ಪರಿಷ್ಕಾರಗೊಂಡಿತು. ಕಳುಹಿಸುವ ಸರ್ವರ್ ಪತ್ರದ ಒಡಲಿನಿಂದ ಒಂದು ಹ್ಯಾಶ್, ಅಂದರೆ ಅದರ ಬೆರಳಚ್ಚಿನಂಥ ಒಂದು ಸಂಖ್ಯೆ, ಲೆಕ್ಕ ಹಾಕಿ, ಅದರ ಜೊತೆಗೆ ‘ಫ್ರಂ’, ‘ಸಬ್ಜೆಕ್ಟ್’, ‘ಡೇಟ್’ ಮೊದಲಾದ ಆಯ್ದ ಹೆಡರ್‌ಗಳನ್ನೂ (ಪತ್ರದ ತಲೆಭಾಗದ ಸಾಲುಗಳನ್ನೂ) ಸೇರಿಸಿ, ತನ್ನ ಬಳಿ ಮಾತ್ರ ಇರುವ ಗುಪ್ತ ಕೀಲಿಯಿಂದ ಸಹಿ ಮಾಡುತ್ತದೆ. ಅದಕ್ಕೆ ಜೋಡಿಯಾದ ಬಹಿರಂಗ ಕೀಲಿ ಆ ಡೊಮೈನ್‌ನ (ವಿಳಾಸದಲ್ಲಿ @ ಗುರುತಿನ ನಂತರದ ಹೆಸರಿನ) ಡಿಎನ್‌ಎಸ್ ಎಂಬ ಸಾರ್ವಜನಿಕ ವಿಳಾಸಪಟ್ಟಿಯ ದಾಖಲೆಯಲ್ಲಿ ಎಲ್ಲರಿಗೂ ಸಿಗುವಂತಿರುತ್ತದೆ. ಪತ್ರ ಪಡೆದ ಸರ್ವರ್ ಅದೇ ಲೆಕ್ಕವನ್ನು ಮತ್ತೆ ಮಾಡಿ, ಆ ಕೀಲಿಯಿಂದ ಸಹಿಯನ್ನು ಪರಿಶೀಲಿಸುತ್ತದೆ. ನಡುದಾರಿಯಲ್ಲಿ ಒಂದು ಅಕ್ಷರ ಬದಲಾಗಿದ್ದರೂ ಲೆಕ್ಕ ಕೂಡಿಬರುವುದಿಲ್ಲ. ಸಡಿಲವಾದ ಬಗೆಯ ಸಹಿಯೂ ಒಂದಿದೆ. ಆದರೆ ಅದು ಕ್ಷಮಿಸುವುದು ಪದಗಳ ನಡುವಿನ ಖಾಲಿ ಜಾಗ, ಕೊನೆಯ ಖಾಲಿ ಸಾಲುಗಳಂಥ ಸಣ್ಣ ವ್ಯತ್ಯಾಸಗಳನ್ನು ಮಾತ್ರ.

ಈಗ ನಿಮ್ಮ ಲಿಸ್ಟ್ ಏನು ಮಾಡುತ್ತಿದೆ ನೋಡಿ. ನೀವು ಕಳುಹಿಸಿದ ಮಾದರಿ ಪತ್ರದಲ್ಲಿ ವಿಷಯದ ಸಾಲಿನ ಮುಂದೆ ಚೌಕ ಆವರಣದೊಳಗೆ ‘ತೋಟ’ ಎಂಬ ಪದ ಸೇರಿದೆ. ಕೊನೆಯಲ್ಲಿ ಬಳಗದ ಹೆಸರು ಮತ್ತು ಹೊರಹೋಗುವ ವಿಧಾನವನ್ನು ತಿಳಿಸುವ ಮೂರು ಸಾಲುಗಳಿವೆ. ಲಗತ್ತಿಸಿದ ಚಿತ್ರವನ್ನು ತೆಗೆದುಹಾಕಲಾಗಿದೆ. ಮೂರೂ ಸದುದ್ದೇಶದ ಕೆಲಸಗಳೇ. ಆದರೆ ಸಹಿ ಒಡೆಯಲು ಈ ಮೂರರಲ್ಲಿ ಒಂದಾದರೂ ಸಾಕು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು, ಏಕೆಂದರೆ ಸರ್ವರ್ ನೋಡಿಕೊಳ್ಳುವವರಲ್ಲೂ ಹಲವರು ಇದನ್ನು ತಪ್ಪಾಗಿ ತಿಳಿದಿದ್ದಾರೆ. ಡಿಕಿಮ್ ಸಹಿ ಒಡೆದಿರುವುದು ತಾನಾಗಿ ಅಪರಾಧವಲ್ಲ. ಒಡೆದ ಸಹಿಯನ್ನು ಸಹಿಯೇ ಇಲ್ಲದ ಪತ್ರದಂತೆ ಕಾಣಬೇಕು ಎನ್ನುವುದು ಮೂಲ ನಿಯಮದ ಆಶಯ. ಮೇಲಿಂಗ್ ಲಿಸ್ಟುಗಳಿಂದ ಸಹಿ ಒಡೆಯುತ್ತದೆ ಎನ್ನುವುದು ಮೊದಲಿನಿಂದ ಗೊತ್ತಿದ್ದ ವಿಷಯವೇ ಆಗಿತ್ತು. 2011ರ ಆರ್‌ಎಫ್‌ಸಿ 6377 ಎಂಬ ದಾಖಲೆ ಇಡಿಯಾಗಿ ಈ ಒಂದೇ ವಿಷಯಕ್ಕೆ ಮೀಸಲಾಗಿದೆ. ಅಲ್ಲಿಯವರೆಗೆ ಯಾರ ಪತ್ರವೂ ಈ ಕಾರಣಕ್ಕಾಗಿ ದೊಡ್ಡ ಪ್ರಮಾಣದಲ್ಲಿ ತಿರಸ್ಕೃತವಾಗುತ್ತಿರಲಿಲ್ಲ. ಒಡೆದ ಸಹಿಗೆ ಶಿಕ್ಷೆ ಬಂದದ್ದು ಡಿಮಾರ್ಕ್ ಎಂಬ ಇನ್ನೊಂದು ನಿಯಮದಿಂದ.

2012ರಲ್ಲಿ ಹೊರಬಂದು 2015ರಲ್ಲಿ ಆರ್‌ಎಫ್‌ಸಿ 7489 ಆಗಿ ದಾಖಲಾದ ಡಿಮಾರ್ಕ್, ಓದುಗನ ಕಣ್ಣಿಗೆ ಬೀಳುವ ‘ಫ್ರಂ’ ವಿಳಾಸದ ಡೊಮೈನ್ ಯಾವುದೋ ಅದೇ ಡೊಮೈನ್‌ನ ಸಾಕ್ಷಿಯನ್ನು ಕೇಳುತ್ತದೆ. ಸಾಕ್ಷಿ ಎರಡು ಬಗೆಯದು. ಒಂದು ಡಿಕಿಮ್ ಸಹಿ. ಇನ್ನೊಂದು ಎಸ್‌ಪಿಎಫ್, ಅಂದರೆ ಲಕೋಟೆಯ ಮೇಲಿನ ವಿಳಾಸದ (ಓದುಗನಿಗೆ ಕಾಣದೆ ಸರ್ವರ್‌ಗಳ ನಡುವೆ ಮಾತ್ರ ಬಳಕೆಯಾಗುವ, ತಲುಪದ ಪತ್ರ ಮರಳುವ ವಿಳಾಸದ) ಡೊಮೈನ್ ಈ ಸರ್ವರ್‌ಗೆ ಪತ್ರ ಕಳುಹಿಸಲು ಅನುಮತಿ ಕೊಟ್ಟಿದೆಯೇ ಎಂಬ ಪರೀಕ್ಷೆ. ಎರಡರಲ್ಲಿ ಒಂದು ಹೊಂದಿದರೂ ಪತ್ರ ಪಾಸು. ತಲುಪದ ಪತ್ರಗಳು ತಮಗೇ ಮರಳಲಿ ಎಂಬ ಕಾರಣಕ್ಕೆ ಲಿಸ್ಟುಗಳು ಲಕೋಟೆಯ ವಿಳಾಸವನ್ನು ತಮ್ಮದಕ್ಕೆ ಬದಲಿಸಿಕೊಳ್ಳುತ್ತವೆ. ಹಾಗಾಗಿ ಎಸ್‌ಪಿಎಫ್ ಪಾಸಾದರೂ ಆಗುವುದು ನಿಮ್ಮ ಡೊಮೈನ್‌ನ ಹೆಸರಿನಲ್ಲಿ, ಯಾಹೂ ಹೆಸರಿನಲ್ಲಲ್ಲ. ಡಿಕಿಮ್ ಸಹಿಯನ್ನು ‘ತೋಟ’ ಎಂಬ ಪದ ಆಗಲೇ ಒಡೆದಿದೆ. ಹೀಗೆ ಎರಡು ಬಾಗಿಲೂ ಮುಚ್ಚಿಕೊಂಡವು.

ಇಂಥ ಪತ್ರವನ್ನು ಏನು ಮಾಡಬೇಕೆಂದು ‘ಫ್ರಂ’ ಡೊಮೈನ್‌ನ ಒಡೆಯರು ಮೊದಲೇ ಡಿಎನ್‌ಎಸ್‌ನಲ್ಲಿ ಪ್ರಕಟಿಸಿರುತ್ತಾರೆ: ‘ನನ್’ ಎಂದರೆ ಏನೂ ಮಾಡಬೇಡಿ, ‘ಕ್ವಾರಂಟೈನ್’ ಎಂದರೆ ಸ್ಪ್ಯಾಮ್‌ಗೆ ಹಾಕಿ, ‘ರಿಜೆಕ್ಟ್’ ಎಂದರೆ ಹಿಂದಿರುಗಿಸಿ. ‘ರಿಜೆಕ್ಟ್’ ಎಂಬುದು ಬ್ಯಾಂಕುಗಳಂಥ ಸಂಸ್ಥೆಗಳು ಗ್ರಾಹಕರಿಗೆ ನೇರವಾಗಿ ಕಳುಹಿಸುವ ಪತ್ರಗಳಿಗೆ ತಕ್ಕದ್ದು ಎಂದು ಎಲ್ಲರೂ ಭಾವಿಸಿದ್ದಾಗ, 2014ರ ಏಪ್ರಿಲ್‌ನಲ್ಲಿ ಯಾಹೂ ತನ್ನ ಸಾಮಾನ್ಯ ಬಳಕೆದಾರರ ಡೊಮೈನ್‌ಗೇ ಅದನ್ನು ಅನ್ವಯಿಸಿತು. ಅದೇ ತಿಂಗಳು ಎಒಎಲ್ ಎಂಬ ಇನ್ನೊಂದು ಇಮೇಲ್ ಸಂಸ್ಥೆ ಕೂಡ ಹಾಗೆಯೇ ಮಾಡಿತು. ಬಳಕೆದಾರರ ಹೆಸರಿನಲ್ಲಿ ಅವರ ಪರಿಚಯದವರಿಗೇ ಖೋಟಾ ಪತ್ರಗಳು ಹೋಗುತ್ತಿದ್ದುದರಿಂದ ಆ ಸಂಸ್ಥೆಗಳಿಗೆ ಒತ್ತಡವಿದ್ದದ್ದು ನಿಜ. ಆದರೆ ಅದರ ಬೆಲೆ ತೆತ್ತವರು ಪ್ರಪಂಚದ ಸಾವಿರಾರು ಮೇಲಿಂಗ್ ಲಿಸ್ಟುಗಳ ಸದಸ್ಯರು.

ಹೊರಬಿದ್ದ ಸದಸ್ಯರ ಒಗಟೂ ಇಲ್ಲೇ ಬಿಡಿಸಿಕೊಳ್ಳುತ್ತದೆ. ಯಾಹೂ ಪತ್ರ ಬಂದಾಗ ಜಿಮೇಲ್ ಸರ್ವರ್ ಅದನ್ನು ಸ್ವೀಕರಿಸದೆ ನಿಮ್ಮ ಲಿಸ್ಟಿಗೆ ಹಿಂದಿರುಗಿಸುತ್ತದೆ. ಲಿಸ್ಟ್ ನಡೆಸುವ ತಂತ್ರಾಂಶ ಅದನ್ನು ‘ಈ ಸದಸ್ಯರ ವಿಳಾಸ ಕೆಟ್ಟಿದೆ’ ಎಂದು ಅರ್ಥ ಮಾಡಿಕೊಂಡು ಅವರ ಲೆಕ್ಕಕ್ಕೆ ಒಂದು ಅಂಕ ಬರೆಯುತ್ತದೆ. ಅಂಕಗಳು ಮಿತಿ ಮೀರಿದೊಡನೆ ಅವರ ಸದಸ್ಯತ್ವವನ್ನು ನಿಲ್ಲಿಸುತ್ತದೆ. ಬರೆದವರು ಒಬ್ಬರು, ಸಹಿ ಒಡೆದವರು ಇನ್ನೊಬ್ಬರು, ಹೊರಬಿದ್ದವರು ಸುಮ್ಮನೆ ಓದುತ್ತಿದ್ದವರು. ಇಡೀ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಅನ್ಯಾಯವೆನಿಸುವುದು ಇದೇ. ಆದ್ದರಿಂದ ಇವತ್ತೇ ಮಾಡಬೇಕಾದ ಕೆಲಸವೆಂದರೆ ಅವರನ್ನೆಲ್ಲ ಮರಳಿ ಸೇರಿಸಿ, ತೊಂದರೆ ಬಗೆಹರಿಯುವವರೆಗೆ ಆ ಅಂಕಗಳ ಮಿತಿಯನ್ನು ಹೆಚ್ಚಿಸುವುದು.

ಪರಿಹಾರಕ್ಕೆ ಬರುವ ಮೊದಲು ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಸಂಗತಿಯನ್ನೇ ಹೋಲಿಕೆಗೆ ತೆಗೆದುಕೊಳ್ಳುತ್ತೇನೆ. ನಿಮ್ಮ ತೋಟದ ಪಾರ್ಚ್‌ಮೆಂಟ್ ಕಾಫಿ ತೋಟದ ಗುರುತಿನ ಚೀಲದಲ್ಲಿ, ನಿಮ್ಮದೇ ಹೊಲಿಗೆಯೊಂದಿಗೆ ಹಾಸನದ ಕ್ಯೂರಿಂಗ್ ವರ್ಕ್ಸ್‌ಗೆ ಹೋಗುತ್ತದೆ. ಅಲ್ಲಿ ಚೀಲ ಬಿಚ್ಚಿ, ಸಿಪ್ಪೆ ತೆಗೆದು, ಗಾತ್ರದ ಪ್ರಕಾರ ವಿಂಗಡಿಸಿ, ಬೇರೆ ಚೀಲಕ್ಕೆ ತುಂಬಿ, ಕ್ಯೂರಿಂಗ್ ವರ್ಕ್ಸ್‌ನ ಗುರುತು ಹಾಕಿ ಹೊಲಿಯುತ್ತಾರೆ. ನಿಮ್ಮ ಹೊಲಿಗೆ ಕೊಳ್ಳುವವನವರೆಗೂ ಉಳಿದಿರಬೇಕೆಂದು ಯಾರೂ ನಿರೀಕ್ಷಿಸುವುದಿಲ್ಲ. ಒಂದೋ ಚೀಲವನ್ನು ಬಿಚ್ಚಬಾರದು, ಬಿಚ್ಚಿದರೆ ಬಿಚ್ಚಿದವರೇ ತಮ್ಮ ಹೆಸರಿನಲ್ಲಿ ಹೊಲಿಯಬೇಕು. ಚೀಲ ಬಿಚ್ಚಿ ಒಳಗಿನದನ್ನು ಬದಲಿಸಿ, ಹೊರಗೆ ಮಾತ್ರ ಹಳೆಯ ತೋಟದ ಹೆಸರನ್ನೇ ಉಳಿಸಿಕೊಂಡು ಹೋಗುತ್ತಿರುವುದೇ ಮೇಲಿಂಗ್ ಲಿಸ್ಟುಗಳ ತೊಡಕು.

ನನ್ನ ಮೊದಲ ಸಲಹೆ, ಚೀಲವನ್ನು ಬಿಚ್ಚಬೇಡಿ. ವಿಷಯದ ಸಾಲಿನ ‘ತೋಟ’ವನ್ನೂ ಅಡಿಟಿಪ್ಪಣಿಯನ್ನೂ ಬಿಟ್ಟುಬಿಡಿ, ಲಗತ್ತುಗಳನ್ನು ಹಾಗೆಯೇ ಹೋಗಲು ಬಿಡಿ, ತೀರಾ ದೊಡ್ಡ ಲಗತ್ತಿದ್ದರೆ ಅದನ್ನು ಕತ್ತರಿಸುವ ಬದಲು ಇಡೀ ಪತ್ರವನ್ನೇ ಬರೆದವರಿಗೆ ಹಿಂದಿರುಗಿಸಿ. ಬಳಗದ ಗುರುತಿಗೆ ‘ಲಿಸ್ಟ್-ಐಡಿ’, ಹೊರಹೋಗುವುದಕ್ಕೆ ‘ಲಿಸ್ಟ್-ಅನ್‌ಸಬ್‌ಸ್ಕ್ರೈಬ್’ ಎಂಬ ಪ್ರತ್ಯೇಕ ಹೆಡರ್‌ಗಳು ಇದಕ್ಕೆಂದೇ ಇವೆ. ಸಹಿಯ ವ್ಯಾಪ್ತಿಗೆ ಸೇರದ ಹೊಸ ಹೆಡರ್‌ಗಳನ್ನು ಮೇಲೆ ಸೇರಿಸುವುದರಿಂದ ಸಹಿ ಒಡೆಯುವುದಿಲ್ಲ. ‘ತೋಟ’ ಎಂಬ ಗುರುತು ಹೋಯಿತೆಂದು ಹಳೆಯ ಸದಸ್ಯರು ಬೇಸರಪಡಬಹುದು. ಲಿಸ್ಟಿನ ಪತ್ರಗಳನ್ನು ಬೇರೆ ಕಡೆಗೆ ವಿಂಗಡಿಸುವ ಫಿಲ್ಟರ್ ಹಾಕಿಕೊಳ್ಳುವುದನ್ನು ಅವರಿಗೆ ಒಮ್ಮೆ ತೋರಿಸಿಕೊಟ್ಟರೆ ಆ ಕೊರತೆ ತುಂಬುತ್ತದೆ.

ಇದು ಸಾಧ್ಯವಾಗದಿದ್ದರೆ ಎರಡನೆಯ ದಾರಿ, ‘ಫ್ರಂ’ ವಿಳಾಸವನ್ನೇ ಲಿಸ್ಟಿನ ವಿಳಾಸಕ್ಕೆ ಬದಲಿಸಿ, ಬರೆದವರ ಹೆಸರಿನ ಮುಂದೆ ‘ಬಳಗದ ಮೂಲಕ’ ಎಂದು ತೋರಿಸಿ, ಲಿಸ್ಟಿನ ಸ್ವಂತ ಡಿಕಿಮ್ ಸಹಿಯನ್ನು ಹಾಕುವುದು. ಮೇಲ್‌ಮ್ಯಾನ್ ತಂತ್ರಾಂಶದಲ್ಲಿ ಈ ಸೌಲಭ್ಯವಿದೆ. ಬರೆದವರ ಡೊಮೈನ್ ಕಟ್ಟುನಿಟ್ಟಿನ ನೀತಿಯನ್ನು ಪ್ರಕಟಿಸಿದೆಯೇ ಎಂದು ನೋಡಿ, ಅಂಥವರ ಪತ್ರಗಳಿಗೆ ಮಾತ್ರ ಬದಲಾವಣೆ ಮಾಡುವಂತೆಯೂ ಹೊಂದಿಸಬಹುದು. ಪತ್ರಗಳು ತಲುಪುತ್ತವೆ, ನಿಜ. ಆದರೆ ಒಂದು ಅಪಾಯವನ್ನು ಸದಸ್ಯರಿಗೆ ಮೊದಲೇ ತಿಳಿಸಿ: ಬರೆದವರಿಗೆ ಮಾತ್ರ ಉತ್ತರಿಸುತ್ತಿದ್ದೇನೆ ಎಂದುಕೊಂಡು ಬರೆದದ್ದು ಇಡೀ ಬಳಗಕ್ಕೆ ಹೋಗಬಹುದು. ಸಾಲದ ವಿಷಯವನ್ನೋ ಮನೆಯ ಕಾಯಿಲೆಯ ವಿಷಯವನ್ನೋ ಒಬ್ಬರಿಗೆಂದು ಬರೆದದ್ದು ಊರಿಗೆಲ್ಲ ಗೊತ್ತಾಗುವುದು ಸಣ್ಣ ಮಾತಲ್ಲ. ಉತ್ತರದ ವಿಳಾಸದ ಹೆಡರ್‌ನಲ್ಲಿ ಬರೆದವರ ಮೂಲ ವಿಳಾಸವಿರುವಂತೆ ಹೊಂದಿಸಿ, ಒಮ್ಮೆ ನೀವೇ ಪರೀಕ್ಷಿಸಿ ನೋಡಿ.

ಮೂರನೆಯದು ಆರ್ಕ್ ಎಂಬ ಕ್ರಮ; 2019ರಲ್ಲಿ ಆರ್‌ಎಫ್‌ಸಿ 8617 ಆಗಿ, ಪ್ರಾಯೋಗಿಕ ಎಂಬ ಹಣೆಪಟ್ಟಿಯೊಂದಿಗೆ ಬಂದಿತು. ಮತ್ತೆ ಕ್ಯೂರಿಂಗ್ ವರ್ಕ್ಸ್‌ಗೇ ಹೋಗುವುದಾದರೆ, ‘ನಮ್ಮಲ್ಲಿಗೆ ಬಂದಾಗ ಈ ಚೀಲದ ಹೊಲಿಗೆ ಸರಿಯಾಗಿತ್ತು, ನಾವೇ ಪರೀಕ್ಷಿಸಿದೆವು’ ಎಂದು ಬರೆದು ಸಹಿ ಮಾಡಿದ ಚೀಟಿಯನ್ನು ಚೀಲಕ್ಕೆ ಕಟ್ಟಿ ಕಳುಹಿಸಿದಂತೆ ಇದು. ಆ ಚೀಟಿಯನ್ನು ನಂಬುವುದು ಬಿಡುವುದು ಕೊಳ್ಳುವವನಿಗೆ ಕ್ಯೂರಿಂಗ್ ವರ್ಕ್ಸ್‌ನ ಮೇಲಿರುವ ವಿಶ್ವಾಸಕ್ಕೆ ಬಿಟ್ಟದ್ದು. ದೊಡ್ಡ ಸಂಸ್ಥೆಗಳ ಸರ್ವರ್‌ಗಳ ಚೀಟಿಗೆ ಸಿಗುವ ಬೆಲೆ ಸಕಲೇಶಪುರದ ಒಂದು ಸಣ್ಣ ಸರ್ವರ್‌ನ ಚೀಟಿಗೆ ಸಿಗುತ್ತದೆಂಬ ಭರವಸೆಯಿಲ್ಲ. ಲಿಸ್ಟುಗಳು ಆರ್ಕ್ ಹೆಡರ್ ಸೇರಿಸಬೇಕೆಂದು ಗೂಗಲ್ ಕೇಳುತ್ತದೆ, ಆದ್ದರಿಂದ ಸೇರಿಸಿ. ಅದೊಂದನ್ನೇ ನಂಬಿ ಕೂರಬೇಡಿ.

ಯಾವ ದಾರಿ ಹಿಡಿದರೂ ನಿಮ್ಮ ಡೊಮೈನ್‌ಗೆ ಎಸ್‌ಪಿಎಫ್ ದಾಖಲೆ ಮತ್ತು ಸ್ವಂತ ಡಿಕಿಮ್ ಸಹಿ ಎರಡೂ ಇರಲಿ. 2024ರ ಫೆಬ್ರುವರಿಯಿಂದ ಜಿಮೇಲ್ ವಿಳಾಸಗಳಿಗೆ ಬರೆಯುವ ಪ್ರತಿಯೊಬ್ಬರಲ್ಲೂ ಇವೆರಡರಲ್ಲಿ ಒಂದಾದರೂ ಇರಲೇಬೇಕೆಂದು ಗೂಗಲ್ ನಿಯಮ ಮಾಡಿದೆ. ಬದಲಾವಣೆ ಮುಗಿದ ಮೇಲೆ ಆ ಹಿರಿಯರಿಂದಲೇ ಒಂದು ಪತ್ರ ಬರೆಸಿ, ಜಿಮೇಲ್‌ನಲ್ಲಿ ಅದನ್ನು ತೆರೆದು ‘ಶೋ ಒರಿಜಿನಲ್’ ಒತ್ತಿದರೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರರ ಫಲಿತಾಂಶವೂ ಮೇಲ್ಭಾಗದಲ್ಲೇ ಕಾಣುತ್ತದೆ.

ಪ್ರಶ್ನೆ: ನಮ್ಮ ಸಾಹಿತ್ಯಾಸಕ್ತರ ಲಿಸ್ಟಿನಲ್ಲಿ ವಿಷಯದ ಸಾಲಿಗೆ ಏನನ್ನೂ ಸೇರಿಸುವುದಿಲ್ಲ, ಅಡಿಟಿಪ್ಪಣಿಯೂ ಇಲ್ಲ. ಆದರೂ ನನ್ನದೇ ಡೊಮೈನ್‌ನ ವಿಳಾಸದಿಂದ ಇಂಗ್ಲಿಷಿನಲ್ಲಿ ಬರೆದ ಪತ್ರದ ಸಹಿ ಉಳಿಯುತ್ತದೆ, ಕನ್ನಡದಲ್ಲಿ ಬರೆದದ್ದರ ಸಹಿ ಒಡೆಯುತ್ತದೆ. ಸಹಿಗೆ ಭಾಷೆಯ ಭೇದವಿದೆಯೇ? – ಚಿಕ್ಕಮಗಳೂರಿನ ಅಧ್ಯಾಪಕಿಯೊಬ್ಬರು

ಉತ್ತರ: ಸಹಿಗೆ ಭಾಷೆ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಬೈಟುಗಳು ಮಾತ್ರ. ನೀವು ಕಳುಹಿಸಿದ ಎರಡು ಪ್ರತಿಗಳನ್ನು ಹೋಲಿಸಿ ನೋಡಿದೆ; ಉತ್ತರ ಅದರಲ್ಲೇ ಇದೆ.

ಇಂಗ್ಲಿಷ್ ಅಕ್ಷರಗಳು ಏಳು ಬಿಟ್‌ಗಳಲ್ಲಿ ಅಡಕವಾಗುತ್ತವೆ, ಹಳೆಯ ಅಂಚೆ ಸರ್ವರ್‌ಗಳು ಒಪ್ಪುತ್ತಿದ್ದದ್ದೂ ಅಷ್ಟನ್ನೇ. ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು ಬೇಕು, ಆ ಬೈಟುಗಳು ಎಂಟು ಬಿಟ್‌ಗಳನ್ನೂ ಬಳಸುತ್ತವೆ. ‘ಕ’ ಮೂರು ಬೈಟಾದರೆ ‘ಕಿ’ ಆರು, ಒತ್ತಕ್ಷರವಿರುವ ‘ಕ್ಕ’ ಒಂಬತ್ತು. ನಿಮ್ಮ ಸರ್ವರ್ ಕನ್ನಡವನ್ನು ಇದ್ದ ಹಾಗೆಯೇ, ಎಂಟು ಬಿಟ್‌ನ ರೂಪದಲ್ಲಿ ಸಹಿ ಮಾಡಿ ಕಳುಹಿಸಿದೆ. ಲಿಸ್ಟಿನ ಸರ್ವರ್ ಅದನ್ನು ಸರಿಯಾಗಿಯೇ ಪಡೆದಿದೆ. ಆದರೆ ಅಲ್ಲಿಂದ ಹೊರಹೋಗುವ ಹಾದಿಯಲ್ಲಿರುವ ವೈರಸ್ ತಪಾಸಣೆಯ ಸರ್ವರ್ ‘ಎಂಟು ಬಿಟ್‌ನ ಪತ್ರ ನನಗೆ ಒಪ್ಪಿಗೆ’ ಎಂದು ಸಾರುವುದಿಲ್ಲ. ಹಾಗೆ ಸಾರದ ಸರ್ವರ್‌ಗೆ ಕೊಡುವಾಗ ಪತ್ರದ ಒಡಲನ್ನು ‘ಕೋಟೆಡ್ ಪ್ರಿಂಟಬಲ್’ ಅಥವಾ ‘ಬೇಸ್64’ ಎಂಬ ಏಳು ಬಿಟ್‌ನ ವೇಷಕ್ಕೆ ಬದಲಿಸಿಕೊಡುವುದು ನಿಯಮ. ತೆರೆದು ಓದುವವರಿಗೆ ಒಂದು ಅಕ್ಷರವೂ ವ್ಯತ್ಯಾಸವಾಗಿ ಕಾಣುವುದಿಲ್ಲ. ಹ್ಯಾಶ್ ಮಾತ್ರ ಪೂರ್ತಿ ಬದಲಾಗುತ್ತದೆ. ಬದಲಿಸಬೇಕಾದ್ದೇನೂ ಇಲ್ಲದ ಇಂಗ್ಲಿಷ್ ಪತ್ರ ಮಾತ್ರ ಹಾಗೆಯೇ ಸಾಗುತ್ತದೆ.

ಡಿಕಿಮ್ ನಿಯಮದಲ್ಲೇ ಇದಕ್ಕೆ ಎಚ್ಚರಿಕೆಯಿದೆ: ಸಹಿ ಮಾಡುವ ಮೊದಲೇ ಪತ್ರವನ್ನು ಏಳು ಬಿಟ್‌ನ ರೂಪಕ್ಕೆ ತಂದುಕೊಳ್ಳಬೇಕು. ಆದ್ದರಿಂದ ನಿಮ್ಮ ಡೊಮೈನ್‌ನ ಅಂಚೆ ನೋಡಿಕೊಳ್ಳುವವರಿಗೆ, ಪತ್ರವನ್ನು ಬೇಸ್64 ರೂಪಕ್ಕೆ ತಂದ ಮೇಲೆ ಸಹಿ ಮಾಡುವಂತೆ ಹೊಂದಿಸಲು ಹೇಳಿ. ಅಷ್ಟರಿಂದ ನಿಮ್ಮ ಪತ್ರಗಳು ಉಳಿಯುತ್ತವೆ. ಲಿಸ್ಟ್ ನಡೆಸುವವರಿಗೂ ತಪಾಸಣೆಯ ಸರ್ವರ್ ವಿಷಯ ತಿಳಿಸಿ. ಏಕೆಂದರೆ ಕನ್ನಡದಲ್ಲಿ ಬರೆಯುವ ಉಳಿದ ಸದಸ್ಯರದೂ ಇದೇ ಗತಿಯಾಗುತ್ತಿರಬಹುದು, ಮತ್ತು ತಮ್ಮ ಭಾಷೆಯಲ್ಲಿ ಬರೆದರೆ ಪತ್ರ ತಲುಪುವುದಿಲ್ಲ ಎಂಬ ಭಾವನೆ ಬೆಳೆದರೆ ಜನ ಇಂಗ್ಲಿಷಿಗೆ ಹೊರಳುತ್ತಾರೆ. ಒಂದು ಸರ್ವರ್‌ನ ಹಳೆಯ ಹೊಂದಾಣಿಕೆಗಾಗಿ ಹಾಗಾಗುವುದು ನನಗೆ ಸಹಿಸಲಾಗದ ಸಂಗತಿ.

ಕನ್ನಡದ ವಿಷಯದ ಸಾಲಿಗೂ ಇಂಥದೇ ಅಪಾಯವಿದೆ. ಹೆಡರ್‌ನಲ್ಲಿ ಅದು ಸಂಕೇತರೂಪದಲ್ಲಿ ಸಾಗುತ್ತದೆ. ಲಿಸ್ಟಿನ ತಂತ್ರಾಂಶ ಅದನ್ನು ಬಿಡಿಸಿ, ಮತ್ತೆ ತನ್ನದೇ ಕ್ರಮದಲ್ಲಿ ಸಂಕೇತಕ್ಕೆ ತಂದರೆ, ಕಾಣುವ ಪದಗಳು ಅವೇ ಆಗಿದ್ದರೂ ಸಹಿ ಒಡೆಯುತ್ತದೆ.

ಪ್ರಶ್ನೆ: ನಮ್ಮ ಹೋಂಸ್ಟೇ ಹೆಸರಿನಲ್ಲಿ ಯಾರೋ ಖೋಟಾ ಬುಕಿಂಗ್ ಪತ್ರ ಕಳುಹಿಸಿ ಪ್ರವಾಸಿಗರಿಂದ ಹಣ ಕೇಳಿದ್ದರು. ಅದಕ್ಕಾಗಿ ಡೊಮೈನ್‌ಗೆ ಡಿಮಾರ್ಕ್ ‘ರಿಜೆಕ್ಟ್’ ಹಾಕಿಸಿದೆ. ಆದರೆ ಈಗ ನಾನು ಬೆಳೆಗಾರರ ಲಿಸ್ಟಿಗೆ ಬರೆದದ್ದು ಅರ್ಧ ಜನರಿಗೆ ಸಿಗುತ್ತಿಲ್ಲ. ‘ರಿಜೆಕ್ಟ್’ ತೆಗೆದುಬಿಡಲೇ? – ಮೂಡಿಗೆರೆಯ ಓದುಗರು

ಉತ್ತರ: ನಿಮ್ಮ ಹೆಸರಿನಲ್ಲಿ ಹಣ ಕೀಳುವವರಿದ್ದಾಗ ರಕ್ಷಣೆಯನ್ನು ತೆಗೆಯಿರಿ ಎಂದು ನಾನು ಹೇಳಲಾರೆ. ಎರಡು ಕೆಲಸಕ್ಕೆ ಎರಡು ವಿಳಾಸವಿಟ್ಟುಕೊಳ್ಳಿ. ಅತಿಥಿಗಳಿಗೆ ಬುಕಿಂಗ್, ರಸೀದಿ, ಹಣದ ವಿಷಯದ ಪತ್ರಗಳು ಹೋಗುವ ಡೊಮೈನ್‌ಗೆ ‘ರಿಜೆಕ್ಟ್’ ಇರಲಿ. ಆ ಪತ್ರಗಳು ನೇರವಾಗಿ ಹೋಗುವುದರಿಂದ ಅವುಗಳ ಸಹಿ ಒಡೆಯುವ ಸಂಭವ ಕಡಿಮೆ. ನೀವು ಲಿಸ್ಟುಗಳಲ್ಲಿ ಮಾತಾಡಲು ಬೇರೊಂದು ವಿಳಾಸವನ್ನು, ‘ನನ್’ ನೀತಿಯಿರುವ ಬೇರೆ ಡೊಮೈನ್ ಅಥವಾ ಉಪಡೊಮೈನ್‌ನಲ್ಲಿ ಮಾಡಿಕೊಳ್ಳಿ. ಉಪಡೊಮೈನ್‌ಗೆ ತನ್ನದೇ ಡಿಮಾರ್ಕ್ ದಾಖಲೆ ಇಲ್ಲದಿದ್ದರೆ ಮುಖ್ಯ ಡೊಮೈನ್‌ನ ನೀತಿಯೇ ಅದಕ್ಕೂ ಅನ್ವಯಿಸುತ್ತದೆ, ಆದ್ದರಿಂದ ಪ್ರತ್ಯೇಕ ದಾಖಲೆ ಬರೆಸುವುದನ್ನು ಮರೆಯಬೇಡಿ. ‘ನನ್’ ಇರುವ ಉಪಡೊಮೈನ್‌ನ ಹೆಸರನ್ನೂ ಖೋಟಾ ಮಾಡಬಹುದು ಎಂಬ ಭಯ ನಿಮಗಿದ್ದರೆ, ಲಿಸ್ಟುಗಳಿಗೆ ಹೋಂಸ್ಟೇ ಹೆಸರೇ ಇಲ್ಲದ ಸ್ವಂತ ಇಮೇಲ್ ವಿಳಾಸ ಬಳಸುವುದು ಇನ್ನೂ ಒಳ್ಳೆಯದು.

‘ರಿಜೆಕ್ಟ್’ ಹಾಕಿಸಿದವರು ಮೊದಲು ಕೆಲವು ವಾರ ‘ನನ್’ ಇಟ್ಟು, ದೊಡ್ಡ ಅಂಚೆ ಸಂಸ್ಥೆಗಳು ಕಳುಹಿಸುವ ವರದಿಗಳನ್ನು ನೋಡಿದ್ದರೆ ಈ ತೊಂದರೆ ಮೊದಲೇ ಕಾಣುತ್ತಿತ್ತು. ಡಿಮಾರ್ಕ್ ದಾಖಲೆಯಲ್ಲಿ ವರದಿ ಬರಬೇಕಾದ ವಿಳಾಸವನ್ನು ಬರೆದಿದ್ದರೆ ಸಾಮಾನ್ಯವಾಗಿ ದಿನಕ್ಕೊಂದು ವರದಿ ಬರುತ್ತದೆ. ನಿಮ್ಮ ಹೆಸರಿನಲ್ಲಿ ಯಾವ ಸರ್ವರ್‌ನಿಂದ ಎಷ್ಟು ಪತ್ರ ಹೋದವು, ಎಷ್ಟು ಪಾಸಾದವು ಎಂಬುದು ಅದರಲ್ಲಿರುತ್ತದೆ. ಈಗಲಾದರೂ ಆ ವಿಳಾಸ ಬರೆಸಿ. ಖೋಟಾ ಕಳುಹಿಸುವವರ ಸರ್ವರ್‌ಗಳೂ ಅಲ್ಲೇ ಕಾಣುತ್ತವೆ.

ಪ್ರಶ್ನೆ: ಡಿಕಿಮ್ ಸಹಿಯಲ್ಲಿ ‘ಎಲ್’ ಎಂಬ ಗುರುತು ಬಳಸಿ ಒಡಲಿನ ಇಂತಿಷ್ಟು ಬೈಟಿಗೆ ಮಾತ್ರ ಸಹಿ ಮಾಡಬಹುದಂತೆ. ಹಾಗಾದರೆ ಅಡಿಟಿಪ್ಪಣಿ ಸೇರಿದರೂ ಸಹಿ ಉಳಿಯಬೇಕಲ್ಲವೇ? – ಹಾಸನದ ಇಂಜಿನಿಯರಿಂಗ್ ವಿದ್ಯಾರ್ಥಿ

ಉತ್ತರ: ಸರಳ ಪಠ್ಯದ ಪತ್ರದಲ್ಲಿ, ಉಳಿದದ್ದೇನೂ ಬದಲಾಗದಿದ್ದರೆ, ಉಳಿಯುತ್ತದೆ. ಆದರೂ ಬಳಸಬೇಡಿ. ಲಿಸ್ಟ್ ಸೇರಿಸುವ ಮೂರು ಸಾಲಿಗೆ ತೆರೆದ ಬಾಗಿಲು ಮೋಸಗಾರ ಸೇರಿಸುವ ಮೂವತ್ತು ಸಾಲಿಗೂ ತೆರೆದೇ ಇರುತ್ತದೆ; ನಿಮ್ಮ ಸಹಿ ‘ಸರಿಯಾಗಿದೆ’ ಎಂದೇ ಫಲಿತಾಂಶ ಬರುತ್ತದೆ. ಈ ಅಪಾಯವನ್ನು ಆರ್‌ಎಫ್‌ಸಿ 6376 ತಾನೇ ಹೇಳಿದೆ. ವಿಷಯದ ಸಾಲು ಬದಲಾದರಂತೂ ‘ಎಲ್’ನಿಂದ ಯಾವ ಪ್ರಯೋಜನವೂ ಇಲ್ಲ.

ನೀವು ಪ್ರಯೋಗ ಮಾಡಿ ನೋಡುವ ಮನಸ್ಸಿನವರೆಂದು ಪತ್ರದಿಂದ ತಿಳಿಯುತ್ತದೆ. ಹಾಗಿದ್ದರೆ ಇದನ್ನು ಮಾಡಿ: ಒಂದೇ ಪತ್ರವನ್ನು ನೇರವಾಗಿ ಒಮ್ಮೆ, ಲಿಸ್ಟಿನ ಮೂಲಕ ಒಮ್ಮೆ ನಿಮಗೇ ಕಳುಹಿಸಿಕೊಂಡು, ಎರಡೂ ಪ್ರತಿಗಳ ಮೂಲರೂಪವನ್ನು ಉಳಿಸಿಕೊಳ್ಳಿ. ಸಹಿಯ ‘ಬಿಎಚ್’ ಎಂಬಲ್ಲಿ ಒಡಲಿನ ಹ್ಯಾಶ್ ಇರುತ್ತದೆ, ‘ಎಚ್’ ಎಂಬಲ್ಲಿ ಸಹಿಗೆ ಒಳಪಟ್ಟ ಹೆಡರ್‌ಗಳ ಹೆಸರುಗಳಿರುತ್ತವೆ. ಲಿಸ್ಟಿನಿಂದ ಬಂದ ಪ್ರತಿಯ ಒಡಲಿಗೆ ನೀವೇ ಲೆಕ್ಕ ಹಾಕಿದ ಹ್ಯಾಶ್ ‘ಬಿಎಚ್’ಗೆ ಹೊಂದದಿದ್ದರೆ ಬದಲಾದದ್ದು ಒಡಲು, ಹೊಂದಿಯೂ ಸಹಿ ತಪ್ಪೆಂದು ಬಂದರೆ ‘ಎಚ್’ನಲ್ಲಿ ಹೆಸರಿಸಿದ ಯಾವುದೋ ಹೆಡರ್ ಬದಲಾಗಿದೆ. ಆ ಹೆಡರ್ ಯಾವುದೆಂದು ಎರಡೂ ಪ್ರತಿಗಳನ್ನು ಅಕ್ಕಪಕ್ಕ ಇಟ್ಟು ಸಾಲುಸಾಲಾಗಿ ಹೋಲಿಸಿದರೆ ಸಿಗುತ್ತದೆ.